ಬೇಲಿಗೆ ಹಬ್ಬಿದ ಶತಾವರಿ

"ಯೋಗ್ಯತೆ ಇಲ್ಲದವನಿಗೆ ವಿದ್ಯೆ ಹೇಳಿಕೊಡಬಹುದೇ ಬುದ್ಧಿ?"

ಮುದ್ದುವೀರ ಎಂಬ ಶಿಷ್ಯ ತನ್ನ ಗುರುಗಳನ್ನು ಹೀಗೆ ಕೇಳಿದ. ಗುಡ್ಡದ ಬುಡದಲ್ಲಿದ್ದ ಆ ಮಠದಲ್ಲಿ ಗುರುಗಳು ನಾಟಿ ಮದ್ದು ಕೊಡುತ್ತಿದ್ದರು, ಬಯಸಿ ಬಂದವರಿಗೆ ಕಲಿಸುತ್ತಲೂ ಇದ್ದರು. ಆ ದಿನ ಬೆಳಿಗ್ಗೆ ಒಬ್ಬ ಮನುಷ್ಯ ಕಲಿಯಬೇಕೆಂದು ಬಂದಿದ್ದ. ಹಿಂದೊಮ್ಮೆ ಅವನೇ ಸಂತೆಯಲ್ಲಿ ನಿಂತು, ಈ ಮಠದವರು ಕೊಡುವುದು ಮದ್ದಲ್ಲ, ಬರೀ ಸೊಪ್ಪುಸದೆ ಎಂದು ಆಡಿಕೊಂಡು ನಕ್ಕಿದ್ದ. ಮುದ್ದುವೀರ ಅವನನ್ನು ಹೊಸ್ತಿಲು ದಾಟಲು ಬಿಡದೆ ವಾಪಸ್ಸು ಕಳಿಸಿದ್ದ. ಕಳಿಸಿದ ಮೇಲೆ ಯಾಕೋ ಮಧ್ಯಾಹ್ನದ ಊಟ ಸೇರಲಿಲ್ಲ.

ಗುರುಗಳು ಜಗಲಿಯಲ್ಲಿ ಕುಳಿತು ಬೇರು ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಯೋಗ್ಯತೆ ಅಳೆಯುವ ಸೇರು ನಿನ್ನ ಹತ್ತಿರ ಇದೆಯೇನಪ್ಪ?" ಎಂದರು. "ಇದ್ದರೆ ಒಂದು ದಿನದ ಮಟ್ಟಿಗೆ ನನಗೂ ಕೊಡು, ನಾನೂ ಅಳೆದುಕೊಳ್ಳುತ್ತೇನೆ. ಇಲ್ಲದಿದ್ದರೆ ಇಲ್ಲಿ ಕೂತು ಈ ಬೇರು ಸುಲಿ. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ."

ಮುದ್ದುವೀರ ಕುಳಿತ. ಗುರುಗಳು ಹೇಳತೊಡಗಿದರು.

ಒಂದೂರಲ್ಲಿ ಒಬ್ಬ ರೈತನಿದ್ದ. ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕತೆ ಮುಂದೆ ಹೋದಂತೆ ನಿನಗೆ ಅವನ ಮೇಲೆ ಸಿಟ್ಟು ಬರಬಹುದು. ಸಿಟ್ಟು ಬರಿಸಿಕೊಳ್ಳುವುದರಲ್ಲಿ ನೀನು ಗಟ್ಟಿಗ.

ಆ ಊರಿನ ಗುಡ್ಡದಲ್ಲಿ ಶತಾವರಿ ಬೆಳೆಯುತ್ತಿತ್ತು. ಹಲವು ಮಕ್ಕಳ ತಾಯಿಬೇರು ಎಂದು ಹೆಂಗಸರು ಕರೆಯುತ್ತಾರಲ್ಲ, ಅದೇ. ಈಗ ನಿನ್ನ ಕೈಯಲ್ಲಿರುವುದೂ ಅದೇ. ಮೈಯೆಲ್ಲ ಮುಳ್ಳಿನ ಬಳ್ಳಿ, ಕೂದಲೆಳೆಯಂಥ ಎಲೆ, ಮಣ್ಣಿನ ಕೆಳಗೆ ಗೊಂಚಲು ಗೊಂಚಲು ಬಿಳಿ ಬೇರು. ಬಿಸಿಲಿಗೆ ಅದು ಸಾಯುವುದಿಲ್ಲ, ಆಡು ಮೇಯ್ದರೂ ಸಾಯುವುದಿಲ್ಲ. ಬೇಸಿಗೆಯಲ್ಲಿ ಮೇಲೆಲ್ಲ ಒಣಗಿ ಕಡ್ಡಿಯಾಗಿ ನಿಲ್ಲುತ್ತದೆ, ಮೊದಲ ಮಳೆ ಬಿದ್ದರೆ ಮತ್ತೆ ಏಳುತ್ತದೆ. ಬಾಣಂತಿಗೆ ಎದೆಹಾಲು ಸಾಲದೆ ಹೋದರೆ ಅದರ ಬೇರು ಸುಲಿದು, ನಡುವಿನ ನಾರು ಎಳೆದು, ಜಜ್ಜಿ, ಹಸುವಿನ ಹಾಲಿನಲ್ಲಿ ಕುದಿಸಿ, ಬೆಲ್ಲ ಹಾಕಿ ಕುಡಿಸುತ್ತಿದ್ದರು.

ಬೇರು ತೆಗೆಯುವುದಕ್ಕೆ ಆ ಊರಲ್ಲಿ ಒಂದು ಕಟ್ಟಳೆ ಇತ್ತು. ಬೇಕಾದವರು ಬುಡದ ಒಂದೇ ಮಗ್ಗುಲು ಅಗೆಯಬೇಕು. ಬೇಕಾದಷ್ಟು ಬೇರು ಮುರಿದುಕೊಂಡು, ಬುಡ ಅಲುಗದ ಹಾಗೆ ಮಣ್ಣು ಮುಚ್ಚಿ ಬರಬೇಕು. ರೈತನ ಅಪ್ಪ ಬದುಕಿರುವ ತನಕ ಊರಿನ ಬಾಣಂತಿಯರಿಗೆಲ್ಲ ಅವನೇ ಹೀಗೆ ಬೇರು ತಂದುಕೊಡುತ್ತಿದ್ದ. ಅಪ್ಪ ಹೋದ ಮೇಲೆ ಆ ಕೆಲಸ ಮಗನಿಗೆ ಬಂತು. ಅದರ ಬಗ್ಗೆ ಅವನಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಬರಬರುತ್ತ ಗುಡ್ಡಕ್ಕೆ ಕಲ್ಲು ಒಡೆಯುವವರು ಬಂದರು. ಶತಾವರಿ ಒಂದೊಂದೇ ಬುಡ ಮಣ್ಣುಪಾಲಾಗಿ, ಕೊನೆಗೆ ಒಂದೇ ಒಂದು ಉಳಿಯಿತು. ರೈತ ಅದರ ಸುತ್ತ ಮುಳ್ಳು ಕಟ್ಟಿ ಕಾಪಾಡಿಕೊಂಡು ಬಂದ. ಒಂದು ದಿನ ಹೋಗಿ ನೋಡುತ್ತಾನೆ, ಮುಳ್ಳು ಪಕ್ಕಕ್ಕೆ ಬಿದ್ದಿದೆ, ಬುಡ ಇದ್ದ ಜಾಗದಲ್ಲಿ ಗುಂಡಿ ಇದೆ. ಪಕ್ಕದ ಹೊಲದವನು ಬುಡಸಮೇತ ಅಗೆದುಕೊಂಡು ಹೋಗಿದ್ದ. ಅವನ ಹೆಂಡತಿ ಹೆತ್ತಿದ್ದಳು, ಹಾಲಿರಲಿಲ್ಲ ಎಂದು ಊರವರು ಹೇಳಿದರು. ಹಾಲಿಲ್ಲದಿದ್ದರೆ ಒಂದು ಮಗ್ಗುಲು ಅಗೆಯಬೇಕಿತ್ತು, ಬುಡಕ್ಕೆ ಯಾಕೆ ಕೈ ಹಾಕಿದ ಎಂದು ರೈತ ಕೇಳಿದ. ರೈತ ಅವನೊಡನೆ ಮಾತು ಬಿಟ್ಟ. ಎರಡು ಹೊಲಗಳ ನಡುವೆ ಮೊದಲು ಬರೀ ಬದು ಇತ್ತು, ಅದರ ಮೇಲೆ ಕಳ್ಳಿ ನೆಟ್ಟು ಬೇಲಿ ಎಬ್ಬಿಸಿದ.

ಕೆಲವು ವರ್ಷ ಆ ಊರಲ್ಲಿ ಶತಾವರಿ ಇರಲಿಲ್ಲ. ಒಮ್ಮೆ ದೂರದ ಕುರಿಗಾಹಿಯೊಬ್ಬ ರೈತನ ಹೊಲದಲ್ಲಿ ಕುರಿಮಂದೆ ನಿಲ್ಲಿಸಿದ. ಹೋಗುವಾಗ ಒಂದು ಹಿಡಿ ಬೀಜ ಕೊಟ್ಟು ಹೋದ. ಕಪ್ಪಗೆ, ಗುಂಡಗೆ, ಉಗುರಿಗೆ ಜಗ್ಗದಷ್ಟು ಗಟ್ಟಿ. ರೈತನಿಗೆ ನೋಡಿದ ಕೂಡಲೇ ತಿಳಿಯಿತು. ಅವನ ಕಣ್ಣು ತುಂಬಿತು.

ಬೀಜವನ್ನು ಅವನು ನೀರು ಬೆರೆಸಿದ ಗಂಜಲದಲ್ಲಿ ನೆನೆಹಾಕಿದ. ಹಿತ್ತಲಿನ ಬೇವಿನ ಮರದ ಕೆಳಗೆ ಮಣ್ಣು ಪುಡಿ ಮಾಡಿ ಮಡಿ ಕಟ್ಟಿದ. ಮುಂಗಾರಿನ ಮೊದಲ ಮಳೆ ನೋಡಿಕೊಂಡು ಬಿತ್ತಿದ. ಹೊಲದಲ್ಲಿ ರಾಗಿ ಮೊಳೆತು ಮೊಣಕಾಲಿಗೆ ಬಂದರೂ ಮಡಿಯಲ್ಲಿ ಏನೂ ಕಾಣಲಿಲ್ಲ. ದಿನಾ ಮಡಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುವ ಗಂಡನನ್ನು ನೋಡಿ ಹೆಂಡತಿ, "ಕಲ್ಲು ಬಿತ್ತಿದ್ದೀರಾ ಹೇಗೆ?" ಎಂದು ಕೀಟಲೆ ಮಾಡಿದಳು. ಅವನು ನಗಲಿಲ್ಲ. ಅಂತೂ ಒಂದು ಬೆಳಿಗ್ಗೆ ನೂಲಿನ ಎಳೆಯಂಥ ಒಂದು ಮೊಳಕೆ ಮಣ್ಣಿನಿಂದ ಮೇಲೆ ಬಂದು ನಿಂತಿತ್ತು. ಅದರ ಹಿಂದೆ ಇನ್ನೂ ಕೆಲವು ಎದ್ದವು. ಗೆದ್ದಲು, ಕೋಳಿ ಎಲ್ಲದರ ಪಾಲು ಹೋಗಿ ಕೊನೆಗೆ ಒಂದು ಗಿಡ ನಿಂತಿತು.

ಮಧ್ಯಾಹ್ನ ಉಂಡ ಮೇಲೆ ಆ ರೈತ ಬೇವಿನ ಮರಕ್ಕೆ ಒರಗಿ ಗಿಡವನ್ನು ನೋಡುತ್ತ ಕೂರುತ್ತಿದ್ದ. ಹಾಗೇ ಕಣ್ಣು ಎಳೆಯುತ್ತಿತ್ತು. ಕಣ್ಣು ಮುಚ್ಚಿದರೆ ಒಂದೇ ಕನಸು. ಬಳ್ಳಿ ಬೇವಿನ ಮರ ಹತ್ತುತ್ತದೆ, ಮನೆಯನ್ನು ಮುಚ್ಚುತ್ತದೆ, ಹೊಲ ದಾಟಿ ಗುಡ್ಡದ ಮೇಲೆ ಹೋಗುತ್ತದೆ. ಎಲ್ಲೆಲ್ಲೂ ಬಿಳಿ ಹೂವು, ಗಾಳಿ ತುಂಬ ಅದರ ವಾಸನೆ. ಮಂಜಿನೊಳಗಿನಿಂದ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಒಬ್ಬೊಬ್ಬರಾಗಿ ಬರುತ್ತಾರೆ. ಅವನು ಒಬ್ಬೊಬ್ಬರ ಸೆರಗಿಗೂ ಬೇರು ಹಾಕುತ್ತಾನೆ. ಅವನ ಅಪ್ಪ ಸ್ವಲ್ಪ ದೂರದಲ್ಲಿ ನಿಂತು ನೋಡುತ್ತಿರುತ್ತಾನೆ. ಸಾಲಿನ ಕೊನೆಯಲ್ಲಿ ಪಕ್ಕದ ಹೊಲದವನು ಬಂದು ಕೈ ಚಾಚುತ್ತಾನೆ. ಆಗ ರೈತನ ಕೈ ಮುಚ್ಚಿಕೊಳ್ಳುತ್ತದೆ, ಎಚ್ಚರವಾಗುತ್ತದೆ. ಎದ್ದ ಮೇಲೂ ಸ್ವಲ್ಪ ಹೊತ್ತು ಮುಷ್ಟಿ ಬಿಗಿದೇ ಇರುತ್ತಿತ್ತು.

ಗಿಡ ದೊಡ್ಡದಾಯಿತು, ಹೂ ಬಿಟ್ಟಿತು, ಕಾಯಿ ಕಟ್ಟಿತು. ಕಾಯಿ ಕೆಂಪಗೆ ಹಣ್ಣಾಗುವ ಹೊತ್ತಿಗೆ ಪಿಕಳಾರ ಹಕ್ಕಿಗಳು ಬಂದವು. ರೈತ ಕೆರೆಯಲ್ಲಿ ಮೀನು ಹಿಡಿಯುವವರಿಂದ ಹಳೆಯ ಬಲೆ ತಂದು ಗಿಡಕ್ಕೆ ಹೊದಿಸಿದ. ಬಲೆಯಲ್ಲಿ ತೂತಿತ್ತು, ಹಕ್ಕಿಗಳು ಅಲ್ಲಿಂದ ನುಗ್ಗಿದವು. ಅವನು ಕವಣೆ ಹಿಡಿದು ಕಾದ. ಕಳ್ಳಮುಂಡೇವು ಎಂದು ಬೈಯುತ್ತ ಹಿತ್ತಲ ತುಂಬ ಓಡಾಡಿದ. ಹಕ್ಕಿಗಳು ತಿನ್ನುವಷ್ಟು ತಿಂದವು, ಉಳಿದದ್ದು ಇವನಿಗೆ ಸಿಕ್ಕಿತು. ಸಿಕ್ಕ ಬೀಜವನ್ನು ಒಣಗಿಸಿ, ಬೂದಿಯಲ್ಲಿ ಹೊರಳಿಸಿ, ಕುಡಿಕೆಗೆ ತುಂಬಿ ಬಾಯಿ ಕಟ್ಟಿ, ಒಲೆಯ ಮೇಲಿನ ನೆಲುವಿನಲ್ಲಿ ಇಟ್ಟ. ಅವರೆ, ಕುಂಬಳ, ಸೋರೆ ಎಲ್ಲ ಬೀಜವನ್ನೂ ಆ ಸೀಮೆಯವರು ಹಾಗೆಯೇ ಹೊಗೆ ತಾಗುವ ಕಡೆ ಇಡುತ್ತಾರೆ. ಹುಳು ಬೀಳುವುದಿಲ್ಲ.

ಊರಿಗೆ ಸುದ್ದಿ ಹೋಯಿತು. ಬೀಜ ಕೇಳಲು ಜನ ಬಂದರು. ಒಬ್ಬಳು ಮುದುಕಿ ನಾಲ್ಕು ಕಾಳು ಕೇಳಿದಳು. ಮುಪ್ಪಿನಲ್ಲಿ ಇವಳು ನೀರು ಎಲ್ಲಿ ಹಾಕುತ್ತಾಳೆ ಎನಿಸಿತು, ಮುಂದಿನ ವರ್ಷ ನೋಡೋಣ ಎಂದ. ಒಬ್ಬ ಯುವಕ ಬಂದ. ಇವನ ಹೊಲದ ತುಂಬ ಕಳೆ ಇದೆ, ಇಂಥವನಿಗೆ ಕೊಟ್ಟರೆ ವ್ಯರ್ಥ ಎನಿಸಿತು. ಒಬ್ಬಾಕೆ ಒಳ್ಳೆಯವಳೇ, ಕೈಗುಣವೂ ಚೆನ್ನಾಗಿತ್ತು, ಆದರೆ ಪಕ್ಕದ ಹೊಲದವನ ಸೋದರತ್ತೆ. ಅವಳಿಗೆ ಕೊಟ್ಟರೆ ನೆಟ್ಟಗೆ ಅವನ ಹೊಲಕ್ಕೇ ಹೋಗುತ್ತದೆ. ಅವನ ಕೈಗೆ ಹೋದರೆ ಮತ್ತೆ ಗುಂಡಿಯೇ ಗತಿ. ರೈತ ಯಾರಿಗೂ ಇಲ್ಲ ಎನ್ನಲಿಲ್ಲ, ಯಾರಿಗೂ ಕೊಡಲಿಲ್ಲ. ಯೋಗ್ಯರು ಸಿಕ್ಕಲಿ ಎಂದು ಕಾಯುತ್ತಿದ್ದ, ಅಷ್ಟೇ. ಯಾಕೆ ಮುದ್ದುವೀರ, ಕೈ ನಿಂತಿತಲ್ಲ? ಸುಲಿ.

ಬೇಸಿಗೆ ಬಂತು. ಹಿತ್ತಲಿನ ಬಳ್ಳಿ ಮೇಲಿನಿಂದ ಹಳದಿಯಾಗಿ ಒಣಗತೊಡಗಿತು. ಗುಡ್ಡದಲ್ಲಿ ಅದು ಪ್ರತಿ ಬೇಸಿಗೆ ಹೀಗೆ ಒಣಗುವುದನ್ನು ಅವನು ಚಿಕ್ಕಂದಿನಿಂದ ನೋಡಿದ್ದ. ಆದರೆ ಗುಡ್ಡದ ಗಿಡ ಒಣಗುವುದು ಬೇರೆ, ತಾನು ಬಿತ್ತಿದ ಗಿಡ ಒಣಗುವುದು ಬೇರೆ. ಅವನಿಗೆ ಭಯವಾಯಿತು. ಬೆಳಿಗ್ಗೆ ಸಂಜೆ ಕೊಡ ಕೊಡ ನೀರು ಹೊಯ್ದ. ಹೆಂಡತಿ ಬೇಡ ಎಂದಳು, ಕೇಳಲಿಲ್ಲ. ನಿದ್ದೆ ಮಾಡುವ ಗಿಡವನ್ನು ನೀರು ಹೊಯ್ದು ಹೊಯ್ದು ಎಬ್ಬಿಸಲು ನೋಡಿದ. ಮುಂಗಾರಿನಲ್ಲಿ ಚಿಗುರಲಿಲ್ಲ. ಕೆದಕಿ ನೋಡಿದರೆ ಬೇರೆಲ್ಲ ಕೊಳೆತು ನಾರುತ್ತಿತ್ತು.

ಹೋದರೆ ಹೋಗಲಿ, ಬೀಜ ಇದೆಯಲ್ಲ ಎಂದುಕೊಂಡು ಕುಡಿಕೆ ಇಳಿಸಿದ. ನೆನೆಹಾಕಿದ, ಬಿತ್ತಿದ, ಕಾದ. ಆ ಮಳೆಗಾಲ ಕಳೆಯಿತು, ಇನ್ನೊಂದು ಮಳೆಗಾಲವೂ ಕಳೆಯಿತು, ಒಂದೂ ಮೊಳೆಯಲಿಲ್ಲ. ಒಲೆಯ ಕಾವನ್ನು ಕುಂಬಳದ ಬೀಜ ತಡೆಯುತ್ತದೆ, ಈ ಬೀಜ ಅದನ್ನು ತಡೆಯುವ ಜಾತಿಯದಲ್ಲ. ಅದನ್ನು ಅವನಿಗೆ ಹೇಳುವವರು ಯಾರೂ ಇರಲಿಲ್ಲ. ಮಧ್ಯಾಹ್ನ ಬೇವಿನ ಮರಕ್ಕೆ ಒರಗಿದರೆ ಈಗಲೂ ಅದೇ ಕನಸು ಬರುತ್ತಿತ್ತು. ಬಳ್ಳಿ ಗುಡ್ಡ ಹತ್ತುತ್ತಿತ್ತು, ಹೆಂಗಸರು ಬರುತ್ತಿದ್ದರು. ಆದರೆ ಅವನ ಕೈಯಲ್ಲಿ ಬೇರಿರಲಿಲ್ಲ.

ಒಂದು ದಿನ ಹೊಲಕ್ಕೆ ಹೋಗುವಾಗ ಅವನಿಗೆ ಆ ವಾಸನೆ ಬಂತು. ಕನಸೇ ಇರಬೇಕು ಎಂದು ನಿಂತ. ಕನಸಲ್ಲ. ಅವನೇ ನೆಟ್ಟ ಕಳ್ಳಿ ಬೇಲಿಯ ಆಚೆ ಮಗ್ಗುಲಲ್ಲಿ ಶತಾವರಿ ಉದ್ದಕ್ಕೂ ಹಬ್ಬಿ ಹೂಬಿಟ್ಟಿತ್ತು. ಹಣ್ಣು ತಿಂದ ಪಿಕಳಾರಗಳು ಬೇಲಿಯ ಮೇಲೆ ಕೂತು ಹಿಕ್ಕೆ ಹಾಕಿದ್ದವು. ಕಳ್ಳಿಯ ನೆರಳಿನಲ್ಲಿ ಅದು ಯಾರ ಹಂಗೂ ಇಲ್ಲದೆ ಬೆಳೆದಿತ್ತು. ಬೇಲಿಯ ಈಚೆ ಒಂದೂ ಇರಲಿಲ್ಲ, ಯಾಕೆಂದರೆ ಈಚೆಯ ಕಡೆಯನ್ನು ಇವನು ಆಗಾಗ ಕೆತ್ತಿ ಚೊಕ್ಕಟ ಮಾಡುತ್ತಿದ್ದ. ಕುರಿಗಾಹಿ ಕೊಟ್ಟದ್ದು ನನಗೆ, ಬಿತ್ತಿದವನು ನಾನು, ಕಾದವನು ನಾನು, ಅನುಭವಿಸುವವನು ಅವನೇ ಎಂದುಕೊಂಡ. ಮನೆಗೆ ಬಂದು ಹೆಂಡತಿಗೂ ಹೇಳಲಿಲ್ಲ. ಅಂದಿನಿಂದ ಆ ದಾರಿಯಲ್ಲಿ ಮುಖ ತಿರುಗಿಸಿಕೊಂಡು ಓಡಾಡಿದ.

ಅವನ ಒಬ್ಬಳೇ ಮಗಳು ಚನ್ನಾಜಮ್ಮ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಹೆರಿಗೆಯಲ್ಲಿ ಬಹಳ ರಕ್ತ ಹೋಗಿತ್ತು, ಅವಳಿಗೆ ಹಾಲು ಬರಲಿಲ್ಲ. ಆಡಿನ ಹಾಲಿಗೆ ನೀರು ಬೆರೆಸಿ ಬತ್ತಿಯಲ್ಲಿ ಹಿಂಡಿದರೆ ಕೂಸು ಕಕ್ಕುತ್ತಿತ್ತು. ಮೊದಮೊದಲು ಮನೆ ಹಾರಿಹೋಗುವಂತೆ ಅಳುತ್ತಿದ್ದದ್ದು, ಬರಬರುತ್ತ ಬೆಕ್ಕಿನ ಮರಿಯಷ್ಟು ದನಿ ಮಾಡಿತು. ಆಮೇಲೆ ಅದೂ ನಿಂತಿತು. ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ರೈತ ಹೊರಗೂ ಒಳಗೂ ತಿರುಗಿದ.

ಹೆಂಡತಿ ಅವನನ್ನು ಹಿತ್ತಲಿಗೆ ಕರೆದಳು. "ಬೇಲಿಯಾಚೆ ಇದೆ. ನಿಮಗೂ ಗೊತ್ತು, ನನಗೂ ಗೊತ್ತು. ನಿಮ್ಮ ಸಿಟ್ಟನ್ನು ಕೂಸಿಗೆ ಕುಡಿಸಲಾಗುತ್ತದೆಯೇ? ನೀವು ಹೋಗದಿದ್ದರೆ ನಾನೇ ಹೋಗಿ ಸೆರಗೊಡ್ಡುತ್ತೇನೆ" ಎಂದಳು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ರೈತ ಸಣ್ಣ ಹಾರೆ ತೆಗೆದುಕೊಂಡು ಹೊರಟ. ಕೇಳಬೇಕೆಂದು ಹೊರಡಲಿಲ್ಲ, ಕದಿಯಬೇಕೆಂದು ಹೊರಟ. ಕೇಳುವುದಕ್ಕಿಂತ ಕದಿಯುವುದು ಅವನಿಗೆ ಸುಲಭ ಎನಿಸಿತ್ತು. ಹೊಲದ ಮೇಲೆ ದಟ್ಟ ಮಂಜು ಕೂತಿತ್ತು. ಬೇಲಿಯ ಸಂದಿನಲ್ಲಿ ನುಸುಳುವಾಗ ಕಳ್ಳಿಯ ಮುಳ್ಳು ಬೆನ್ನು ಗೀರಿತು, ಅವನಿಗೆ ಅರಿವಾಗಲಿಲ್ಲ. ಹೂವಿನ ವಾಸನೆ, ಮಂಜು, ಮುಖಕ್ಕೆ ತಾಗುವ ಬಳ್ಳಿ. ಎಷ್ಟೋ ಮಧ್ಯಾಹ್ನ ಕಂಡದ್ದೇ ಇದು, ಈಗಲೂ ಬೇವಿನ ಮರದ ಕೆಳಗೇ ಇದ್ದೇನೆ ಎನಿಸಿತು. ಅಪ್ಪ ಎಲ್ಲೋ ಹತ್ತಿರದಲ್ಲಿ ನಿಂತಿರಬೇಕು ಎಂದು ಒಮ್ಮೆ ತಿರುಗಿ ನೋಡಿದ. ಮಂಜು ಬಿಟ್ಟರೆ ಏನೂ ಇರಲಿಲ್ಲ.

ಮಂಡಿಯೂರಿ ಒಂದು ಮಗ್ಗುಲು ಅಗೆದ. ಬೇರು ಸಿಕ್ಕಿತು, ಬೊಗಸೆ ತುಂಬ ಸಿಕ್ಕಿತು. ಕಟ್ಟಳೆಯ ಪ್ರಕಾರ ಅಲ್ಲಿಗೆ ನಿಲ್ಲಿಸಬೇಕು. ಅವನ ಕಣ್ಣ ಮುಂದೆ ಕೂಸಿನ ಮುಖ ಬಂತು. ಇಷ್ಟು ಸಾಲುತ್ತದೋ ಇಲ್ಲವೋ, ಇನ್ನೊಮ್ಮೆ ಬರಲು ಆಗುತ್ತದೋ ಇಲ್ಲವೋ ಎನಿಸಿತು. ಇನ್ನೊಂದು ಮಗ್ಗುಲನ್ನೂ ಅಗೆದ. ಆಮೇಲೆ ಹಾರೆ ಬಿಸುಟು ಎರಡೂ ಕೈಯಲ್ಲಿ ಬುಡ ಹಿಡಿದು ಅಲ್ಲಾಡಿಸಿದ.

ಹಿಂದಿನಿಂದ ಒಂದು ಕೈ ಬಂದು ಅವನ ಮಣಿಕಟ್ಟು ಹಿಡಿಯಿತು. ಪಕ್ಕದ ಹೊಲದವನು ಎತ್ತು ಹೊಡೆದುಕೊಂಡು ಹೊಲಕ್ಕೆ ಬಂದಿದ್ದ.

"ಅಣ್ಣಯ್ಯ, ಬುಡ ಬಿಡು" ಎಂದ.

"ಕೂಸು ಅಳುವುದನ್ನೂ ನಿಲ್ಲಿಸಿಬಿಟ್ಟಿದೆ" ಎಂದ ರೈತ. ಬುಡ ಬಿಡಲಿಲ್ಲ.

"ನಮ್ಮದೂ ಹಾಗೇ ನಿಲ್ಲಿಸಿತ್ತು" ಎಂದ ಅವನು. "ಆಗ ನನಗೂ ಬೇರು ಸಾಲದು ಎನಿಸಿತು. ಬುಡವನ್ನೂ ತೆಗೆದುಕೊಂಡು ಹೋಗಿ ಕುದಿಸಿದೆ. ಕೂಸು ಉಳಿಯಲಿಲ್ಲ. ಬುಡದಲ್ಲಿ ಹೆಚ್ಚಿನ ಹಾಲಿಲ್ಲ ಅಣ್ಣಯ್ಯ. ಈಗ ಇಷ್ಟು ಒಯ್ಯಿ. ಮುಗಿದರೆ ಬಾ, ಆ ಕೊನೆಯಲ್ಲಿ ಇನ್ನೂ ಬುಡಗಳಿವೆ."

ರೈತನ ಕೈ ತಾನಾಗಿ ಸಡಿಲವಾಯಿತು. ಆ ಕೂಸು ಏನಾಯಿತು ಎಂದು ಅವನು ಇಷ್ಟು ವರ್ಷದಲ್ಲಿ ಒಂದು ದಿನವೂ ಕೇಳಿರಲಿಲ್ಲ. ಗುಡ್ಡದ ಮೇಲಿನ ಗುಂಡಿ ಅವನಿಗೆ ಗೊತ್ತಿತ್ತು, ಅದೇ ದಿನಗಳಲ್ಲಿ ಈ ಹೊಲದ ಮೂಲೆಯಲ್ಲಿ ತೆಗೆದ ಇನ್ನೊಂದು ಗುಂಡಿ ಗೊತ್ತಿರಲಿಲ್ಲ. ನಾಚಿಕೆಯಿಂದ ಅವನಿಗೆ ಅಳು ಬಂತು. ಗಂಡಸು, ವಯಸ್ಸಾದವನು, ಕಂಡವರ ಹೊಲದಲ್ಲಿ ಮಂಡಿಯೂರಿ ಕೂತು ಬಿಕ್ಕಿ ಬಿಕ್ಕಿ ಅತ್ತ. ಪಕ್ಕದ ಹೊಲದವನು ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಅಗೆದ ಮಣ್ಣನ್ನು ಎರಡೂ ಕಡೆಯಿಂದ ಎಳೆದು ಬುಡಕ್ಕೆ ಮುಚ್ಚಿ ಅಂಗೈಯಿಂದ ಒತ್ತಿದ.

"ಊರಲ್ಲಿ ಕೇಳಿದವರಿಗೆಲ್ಲ ಕೊಡುತ್ತಾ ಬಂದಿದ್ದೇನೆ" ಎಂದ. "ನಿನ್ನ ಹಿತ್ತಲಿನ ಗಿಡದ್ದೇ, ಹಕ್ಕಿ ತಂದು ಹಾಕಿದ್ದು ಅಂತ ಹೇಳಿಯೇ ಕೊಡುತ್ತೇನೆ. ನೀನು ಯಾವಾಗ ಬರುತ್ತೀಯೋ ಅಂತಿದ್ದೆ. ಏಳು, ಹೊತ್ತಾಯಿತು."

ರೈತ ಬೇರನ್ನು ಪಂಚೆಯ ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದ. ಹೆಂಡತಿ ಸುಲಿದು, ನಾರು ಎಳೆದು, ಜಜ್ಜಿ ಹಾಲಿಗೆ ಹಾಕಿದಳು. ಮಗಳು ಕುಡಿದಳು. ಅಂದೇ ಏನೂ ಆಗಲಿಲ್ಲ. ಅವನು ಮತ್ತೆ ಮತ್ತೆ ಬೇಲಿಯಾಚೆ ಹೋಗಿಬಂದ, ಈಗ ಸಂದಿನಲ್ಲಿ ನುಸುಳದೆ ದಾರಿಯಲ್ಲೇ ಹೋದ. ಒಂದು ಮಧ್ಯಾಹ್ನ ಬೇವಿನ ಮರಕ್ಕೆ ಒರಗಿ ಕೂತಿದ್ದಾಗ ಒಳಗಿನಿಂದ ಕೂಸು ಹಾಲು ಸಾಲದೆ ಹಟ ಮಾಡಿ ಅಳುವ ದನಿ ಕೇಳಿತು. ಗಟ್ಟಿ ದನಿ. ಆಮೇಲೆ ಚಪ್ಪರಿಸುವ ಸದ್ದು. ಅದು ಕನಸಲ್ಲ ಎಂದು ಗೊತ್ತಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಕೂಸು ಉಳಿಯಿತು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿ, ಸುಲಿದ ಬೇರುಗಳನ್ನು ಮೊರಕ್ಕೆ ಹಾಕಿದರು.

ಮುದ್ದುವೀರನ ಮುಖ ಅರಳಿತ್ತು. "ತಿಳಿಯಿತು ಬುದ್ಧಿ" ಎಂದ. "ಆ ಪಕ್ಕದ ಹೊಲದವನು ನಿಜವಾಗಿ ಯೋಗ್ಯನೇ ಆಗಿದ್ದ, ರೈತನಿಗೆ ಅದು ಕಾಣಲಿಲ್ಲ. ಅಂದರೆ ಕೊಡುವ ಮೊದಲು ಮನುಷ್ಯನನ್ನು ಇನ್ನೂ ಸರಿಯಾಗಿ ನೋಡಿ ಕೊಡಬೇಕು. ಬೆಳಿಗ್ಗೆ ಬಂದವನನ್ನು ಇನ್ನೊಮ್ಮೆ ಕರೆಸಿ ಪರೀಕ್ಷೆ ಮಾಡುತ್ತೇನೆ."

ಗುರುಗಳು ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದರು.

"ಇಷ್ಟು ಹೊತ್ತು ನೀನು ಬೇಲಿಯ ಯಾವ ಕಡೆ ಕೂತು ಕತೆ ಕೇಳಿದೆಯಪ್ಪ?"

ಮುದ್ದುವೀರ ಬೆಳಿಗ್ಗೆ ತಾನು ಅಡ್ಡ ನಿಂತಿದ್ದ ಹೊಸ್ತಿಲ ಕಡೆ ತಿರುಗಿ ನೋಡಿದ.